ಎರಡು ನೆಗೆತದ ಮಾತು

ಹಳೇ ಉಪಗ್ರಹಕ್ಕೆ ವಯಸ್ಸಾಗಿತ್ತು. ಹೊಟ್ಟೆಯಲ್ಲಿದ್ದ ಇಂಧನ ಮುಗಿಯುತ್ತ ಬಂದಿದೆ, ವರ್ಷ ತುಂಬುವುದರೊಳಗೆ ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತೇವೆ, ನಿಮ್ಮ ದಾರಿ ನೀವು ನೋಡಿಕೊಳ್ಳಿ ಎಂದು ಅದರ ಒಡೆಯರು ತಿಳಿಸಿಬಿಟ್ಟರು. ಬಾಡಿಗೆಯವರನ್ನು ಎಬ್ಬಿಸುವವರು ಕೂಡ ಇಷ್ಟು ನಿಷ್ಠುರವಾಗಿ ಹೇಳುವುದಿಲ್ಲ. ನೆಲದ ಮೇಲಿನ ಯಂತ್ರಗಳೂ ಅದರ ಓರಗೆಯವೇ. ಅವುಗಳ ಬಿಡಿಭಾಗ ಮಾಡುವುದನ್ನು ಎಲ್ಲರೂ ಯಾವತ್ತೋ ನಿಲ್ಲಿಸಿದ್ದರು. ಗಣಿ, ಕಾಡು, ದ್ವೀಪ ಎಂದು ತಂತಿ ಹೋಗದ, ಗೋಪುರ ನಿಲ್ಲದ ಜಾಗಗಳಿಗೆ ಫೋನು, ಇಂಟರ್ನೆಟ್ಟು ಕೊಟ್ಟು ಹೊಟ್ಟೆ ಹೊರೆಯುತ್ತಿದ್ದ ಆ ಪುಟ್ಟ ಕಂಪನಿಗೆ ಈಗ ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಹೊಸದಾಗಿ ಆರಿಸಿಕೊಳ್ಳದೆ ಗತಿಯಿರಲಿಲ್ಲ.

ಆರಿಸುವ ಹೊಣೆ ಬಿದ್ದದ್ದು ಹಲೋಅಕ್ಕನ ತಲೆಗೆ. ಅವಳು ಕಂಪನಿಯ ಮುಖ್ಯ ಎಂಜಿನಿಯರ್. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ನಿಯಂತ್ರಣ ಕೊಠಡಿಯ ತನ್ನ ಕುರ್ಚಿಯಲ್ಲಿ ಕೂತು, ದೂರದ ಠಾಣೆಗಳನ್ನೆಲ್ಲ ಒಂದೇ ಲೈನಿಗೆ ಸೇರಿಸಿ, “ಹಲೋ, ಎಲ್ರೂ ಇದ್ದೀರಾ?” ಎಂದು ಕೇಳುತ್ತಿದ್ದುದರಿಂದ ಈ ಹೆಸರು ಅಂಟಿಕೊಂಡಿತ್ತು. ಬೆಳಗಿನ ಕರೆಯೆಂದರೆ ನಿಯಮದ ಪ್ರಕಾರ ಲೈನ್ ಸರಿಯಿದೆಯೇ ಎಂದು ನೋಡುವ ಕೆಲಸ. ನಡೆಯುತ್ತಿದ್ದುದೇ ಬೇರೆ. ಬಂಡೆಯ ಮೇಲಿನ ದೀಪಸ್ತಂಭ ಕಾಯುವ ದೀಪದಜ್ಜ ಗಾಳಿಯ ಸುದ್ದಿ ಎತ್ತಿದರೆ, ಕಡಲಂಚಿನ ಗುಡ್ಡದ ಆಸ್ಪತ್ರೆಯ ಡಾಕ್ಟರು “ನಿನ್ನೆನೂ ಇದೇ ಗಾಳಿ ಬೀಸಿದ್ರಲ್ಲ ಅಜ್ಜ” ಎಂದು ಕಾಲೆಳೆಯುವರು. ಅಜ್ಜ ರೇಗುವರು. ದ್ವೀಪದ ಚಿಕಿತ್ಸಾಲಯದ ನರ್ಸು ನಡುವೆ ಬಾಯಿ ಹಾಕಿ ಇಬ್ಬರನ್ನೂ ಗದರುವರು. ಆಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಹೊರಡುವರು.

ಆ ನರ್ಸು ಹಲೋಅಕ್ಕನ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದು, ನಾದಿನಿಗೆ ಜಡೆ ಹೆಣೆದು, ಲೆಕ್ಕ ಹೇಳಿಕೊಟ್ಟು, ಹುಡುಗಿ ಎಂಜಿನಿಯರಿಂಗ್ ಓದಲೇಬೇಕೆಂದು ಮನೆಮಂದಿಯ ಜೊತೆ ಜಗಳ ಕಾದು ಗೆದ್ದವರು. ದ್ವೀಪದಲ್ಲಿ ಡಾಕ್ಟರಿಲ್ಲ. ಕಷ್ಟದ ಕೇಸು ಬಂದರೆ ಅತ್ತಿಗೆ ಫೋನೆತ್ತಿ ಗುಡ್ಡದ ಆಸ್ಪತ್ರೆಯ ಡಾಕ್ಟರನ್ನು ಕೇಳುತ್ತ, ಅವರು ಹೇಳಿದ ಹಾಗೆ ಕೈಯಾಡಿಸುತ್ತ ಹೋಗುವುದು. ಲೈನು ಸರಿಯಿದ್ದರೆ ದ್ವೀಪಕ್ಕೂ ಡಾಕ್ಟರಿದ್ದ ಹಾಗೆ. ಇಲ್ಲದಿದ್ದರೆ ದೇವರೇ ಗತಿ. ತನ್ನ ಆಯ್ಕೆ ಹಳ್ಳ ಹಿಡಿದರೆ ಮೊದಲ ಪೆಟ್ಟು ಅಲ್ಲಿಗೇ ಬೀಳುತ್ತದೆ ಎನ್ನುವುದು ಹಲೋಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

“ನೀನೇ ಆರ್ಸು, ನೀನೇ ಸಹಿ ಹಾಕು” ಎಂದಿದ್ದರು ಕಂಪನಿಯ ಯಜಮಾನರು.

“ಆದ್ರೆ ಸರ್, ಪರೀಕ್ಷೆಗೆ ಸ್ವಲ್ಪ—”

“ಮಾಡು ಮಾಡು, ಬೇಡ ಅಂದೋರ್ಯಾರು? ತಪ್ಪಾದ್ರೆ ಮಾತ್ರ ನನ್ನ ಹತ್ರ ಬರ್ಬೇಡ.”

ಒಳ್ಳೆಯ ಮನುಷ್ಯ ಯಜಮಾನರು. ಇನ್ನೊಬ್ಬರ ವಾಕ್ಯ ಪೂರ್ತಿಯಾಗಲು ಬಿಟ್ಟರೆ ಆಕಾಶ ಕಳಚಿ ಬೀಳುತ್ತದೆ ಎಂದು ನಂಬಿದ್ದರು, ಅಷ್ಟೇ.

ಮಾರಲು ಬಂದವರು ಮೂವರು. ಮೊದಲನೆಯವನು ದಪ್ಪ ಕನ್ನಡಕದವನು. ಅವನ ಯಂತ್ರ ಏನು ಕೇಳಿದರೂ ಮಾಡುತ್ತಿತ್ತು, ಆದರೆ ಈಗಲ್ಲ, ಮುಂದಿನ ವರ್ಷ. ಕೈಗೆ ಬಾರದ ಯಂತ್ರವನ್ನು ನಂಬಿ ಕೈಲಿರುವ ಗಿರಾಕಿಯನ್ನು ಕಳೆದುಕೊಳ್ಳುವಷ್ಟು ದಡ್ಡಿಯಲ್ಲ ಹಲೋಅಕ್ಕ. ಚಹಾ ಕೊಟ್ಟು ಸಾಗಹಾಕಿದಳು. ಎರಡನೆಯವನು ಸೂಟಿನವನು. ಅವನು ತಂದ ಪೆಟ್ಟಿಗೆ ಊಟದ ಡಬ್ಬಿಯಷ್ಟಿತ್ತು, ಆಕಾಶಕ್ಕೆ ಮುಖಮಾಡಿ ನಿಲ್ಲಿಸುವ ತಟ್ಟೆಯೂ ಚಿಕ್ಕದು. ಹಚ್ಚಿದ್ದೇ ತಡ, ಸಿನಿಮಾ ತಡೆಯಿಲ್ಲದೆ ಓಡಿತು. ಯಜಮಾನರು ಅಲ್ಲೇ ನಿಂತು ಒಂದು ಹಾಡು ಮುಗಿಯುವವರೆಗೆ ನೋಡಿದರು. ಮೂರನೆಯವನಿಗೆ ಕೆಮ್ಮು. ಅವನ ತಟ್ಟೆ ದೊಡ್ಡದು, ಪೆಟ್ಟಿಗೆ ಭಾರ, ಸಿನಿಮಾ ಮುಗ್ಗರಿಸಿ ಮುಗ್ಗರಿಸಿ ಓಡಿತು. ಕೆಮ್ಮಿನ ನಡುವೆ ಅವನು ಹೇಳಿದ ಹೆಚ್ಚುಗಾರಿಕೆ ಒಂದೇ: ಅವನ ವ್ಯವಸ್ಥೆಯಲ್ಲಿ ಒಂದು ಠಾಣೆಯ ಮಾತು ನಡುವೆ ಹಲೋಅಕ್ಕ ಕೂರುವ ಕೇಂದ್ರಕ್ಕೆ ಬರದೆ, ಉಪಗ್ರಹ ಮುಟ್ಟಿ ನೇರವಾಗಿ ಇನ್ನೊಂದು ಠಾಣೆಗೆ ಇಳಿಯುತ್ತದೆ. ಹಳೆಯದೂ ಹಾಗೇ ಇತ್ತು. ಈಗಿನ ಕಾಲದವೆಲ್ಲ ಕೇಂದ್ರದ ಮೂಲಕವೇ ಹೋಗುತ್ತವೆ: ದ್ವೀಪದ ಮಾತು ಮೇಲೆ ನೆಗೆದು ಕೇಂದ್ರಕ್ಕೆ ಇಳಿಯಬೇಕು, ಅಲ್ಲಿಂದ ಮತ್ತೆ ನೆಗೆದು ಗುಡ್ಡಕ್ಕೆ ಇಳಿಯಬೇಕು. ಒಂದು ನೆಗೆತದ ಜಾಗದಲ್ಲಿ ಎರಡು. ತಡವಾಗುವುದು ಅರ್ಧ ಸೆಕೆಂಡು. ಕಾಗದದ ಮೇಲೆ ಅರ್ಧ ಸೆಕೆಂಡೆಂದರೆ ಕಣ್ಣು ಪಿಳುಕಿಸಿದಷ್ಟು. ಹಲೋಅಕ್ಕ ಅದರ ಮುಂದೆ ‘ಅಗತ್ಯವಿಲ್ಲ’ ಎಂದು ಗೀಚಿದಳು.

ಪರೀಕ್ಷೆಯಲ್ಲಿ ಮಾತ್ರ ಅವಳು ರಾಜಿಯಾಗಲಿಲ್ಲ. ಸೂಟಿನವನ ಪೆಟ್ಟಿಗೆಗಳನ್ನು ದ್ವೀಪಕ್ಕೆ, ದೀಪಸ್ತಂಭಕ್ಕೆ, ಗುಡ್ಡದ ಆಸ್ಪತ್ರೆಗೆ ಕಳಿಸಿ ಕೂರಿಸಿದಳು. ಪರೀಕ್ಷೆ ಮುಗಿಯುವವರೆಗೆ ಆ ಮೂವರ ಎಲ್ಲ ಮಾತೂ, ಬೆಳಗಿನ ಕರೆಯೂ ಹೊಸ ಲೈನಿನಲ್ಲೇ. ಯಜಮಾನರೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೇಳತೊಡಗಿದರು. ಧ್ವನಿ ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛ. “ದೀಪಸ್ತಂಭ?” ಎಂದರೆ “ಇದ್ದೀನಮ್ಮ, ಚೆನ್ನಾಗಿದೆ.” “ಗುಡ್ಡ?” ಎಂದರೆ “ಫಸ್ಟ್ ಕ್ಲಾಸ್.” “ದ್ವೀಪ?” ಎಂದರೆ “ಸರಿಯಾಗಿದೆ.” ಅಷ್ಟರಲ್ಲಿ ಕರೆ ಮುಗಿದುಹೋಗುತ್ತಿತ್ತು.

“ನೋಡು, ಹರಟೆ ಎಲ್ಲ ನಿಂತು ಕೆಲಸ ಎಷ್ಟು ಚುರುಕಾಯ್ತು!” ಎಂದರು ಯಜಮಾನರು.

ಹಲೋಅಕ್ಕನ ಮನಸ್ಸಿಗೆ ಮಾತ್ರ ಏನೋ ಚುಚ್ಚಿತು. ಅತ್ತಿಗೆ ಹೀಗೆ ಒಂದೇ ಮಾತಿನಲ್ಲಿ ಮುಗಿಸುವವರಲ್ಲ. ಅವಳ ಬಳಿ ಕಾರಣವೂ ಸಿದ್ಧವಾಗಿತ್ತು. ಹಿಂದಿನ ತಿಂಗಳು ಅತ್ತಿಗೆಗೆ ಪಟ್ಟಣದ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ತೆಗೆದಿದ್ದರು. ಆಸ್ಪತ್ರೆ ಇದ್ದದ್ದು ಕಚೇರಿಯಿಂದ ಕೂಗಳತೆ ದೂರದಲ್ಲಿ. ಸೂಟಿನವನು, ಕೆಮ್ಮಿನವನು ಎಂದು ಓಡಾಡುತ್ತ ನಾದಿನಿ ಒಂದು ದಿನವೂ ಹೋಗಿ ನೋಡಲಿಲ್ಲ. ಅಣ್ಣನ ಕೈಲಿ ಹಣ್ಣು ಕಳಿಸಿ ಕೈ ತೊಳೆದುಕೊಂಡಿದ್ದಳು. ಅತ್ತಿಗೆ ಮುನಿಸಿಕೊಂಡಿದ್ದಾರೆ, ಮುನಿಸಿಕೊಳ್ಳಬೇಕಾದ್ದೇ ಎಂದುಕೊಂಡಳು. ಸಹಿಗೆ ಗೊತ್ತು ಮಾಡಿದ್ದ ದಿನ ಹತ್ತಿರ ಬಂದಿತ್ತು. ಅದಕ್ಕೆ ಮೊದಲು ಮನೆಯ ಲೈನು ಸರಿಮಾಡಿಕೊಂಡು ಬರೋಣವೆಂದು ಅಣ್ಣನ ದೋಣಿ ಹತ್ತಿದಳು. ಅಣ್ಣ ದ್ವೀಪಕ್ಕೂ ದಡಕ್ಕೂ ಜನ, ಸಾಮಾನು ಸಾಗಿಸುವ ದೋಣಿಯ ಚಾಲಕ. ಮಾತು ಕಡಿಮೆ, ಇಂಜಿನ್ನೇ ಅವನ ಪರವಾಗಿ ಮಾತಾಡುತ್ತಿತ್ತು.

ಅತ್ತಿಗೆ ಬಾಗಿಲಲ್ಲೇ ಎದುರಾದರು. ಮುಖದಲ್ಲಿ ಮುನಿಸಿನ ಸುಳಿವೇ ಇಲ್ಲ.

“ಏನೇ ಪುಟ್ಟಿ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಎಷ್ಟು ಇಳಿದುಹೋಗಿದ್ದೀಯ! ಊಟ ಮಾಡ್ತೀಯೋ ಇಲ್ವೋ?”

“ಅತ್ತಿಗೆ, ಆಸ್ಪತ್ರೆಗೆ ಬರ್ಲಿಲ್ಲ ಅಂತ ನಿಮಗೆ ಕೋಪ...”

“ಬಂದಿದ್ರೆ ಏನು ಮಾಡ್ತಿದ್ದೆ? ಕಲ್ಲು ನೀನು ತೆಗೀತಿದ್ಯಾ? ಕೈಕಾಲು ತೊಳ್ಕೊ ಹೋಗು.”

ಹಾಗಿದ್ದರೆ ಈ ಮೌನ ಯಾಕೆ ಎಂದು ಕೇಳಿದರೆ ಅತ್ತಿಗೆ ಬಾಗಿಲ ಪರದೆ ಸರಿಪಡಿಸಿದರು, ನೀರಿನ ಲೋಟ ತೊಳೆದಿದ್ದನ್ನೇ ಮತ್ತೆ ತೊಳೆದರು. ಸುಳ್ಳು ಹೇಳಲು ಬಾರದವರ ಪಾಡೇ ಇಷ್ಟು.

ಮರುದಿನ ಬೆಳಿಗ್ಗೆ ಹಲೋಅಕ್ಕ ಚಿಕಿತ್ಸಾಲಯದ ಮೇಜಿನ ಮುಂದೆ, ಅತ್ತಿಗೆಯ ಕುರ್ಚಿಯಲ್ಲಿ ಕೂತು ತಾನೇ ಫೋನೆತ್ತಿದಳು. ಕೇಂದ್ರದಲ್ಲಿ ಅವಳ ಜಾಗದಲ್ಲಿ ಬೇರೆಯವರು ಕೂತು ಹಾಜರಿ ಕೂಗಿದರು. ಎಲ್ಲ ಸರಿಯಿತ್ತು. ಬಂದಿರುವುದನ್ನು ಹೇಳಿ ಖುಷಿಪಡಿಸೋಣವೆಂದು, “ಡಾಕ್ಟ್ರೇ, ಹೇಗಿದ್ದೀರಿ?” ಎಂದಳು. ಉತ್ತರವಿಲ್ಲ. ಕೇಳಿಸಲಿಲ್ಲವೇನೋ ಎಂದು, “ನಾನು ದ್ವೀಪದಿಂದ—” ಎನ್ನುವಷ್ಟರಲ್ಲಿ “ಓಹೋ, ನೀವಾ—” ಎಂದು ಅವರು ಬಂದರು. ಇಬ್ಬರೂ ನಿಲ್ಲಿಸಿದರು. ಇಬ್ಬರೂ ಕಾದರು. ಇಬ್ಬರೂ ಒಟ್ಟಿಗೇ ಮತ್ತೆ ಶುರುಮಾಡಿದರು. ನಡುವೆ ದೀಪದಜ್ಜ ಯಾವುದಕ್ಕೋ ನಕ್ಕರು. ಆ ನಗು ಯಾವ ಮಾತಿಗೆ ಎಂದು ತಿಳಿಯುವ ಹೊತ್ತಿಗೆ ಮಾತು ಮುಂದೆ ಹೋಗಿತ್ತು. ಇಕ್ಕಟ್ಟಾದ ಬಾಗಿಲಲ್ಲಿ ಎದುರುಬದುರಾದವರು ಇಬ್ಬರೂ ಎಡಕ್ಕೇ ಸರಿದು, ಇಬ್ಬರೂ ಬಲಕ್ಕೇ ಸರಿದು ಒದ್ದಾಡುತ್ತಾರಲ್ಲ, ಹಾಗೆ. ಕೊನೆಗೆ ಡಾಕ್ಟರು ಸೋತ ದನಿಯಲ್ಲಿ “ಇರ್ಲಿ ಬಿಡಿ, ಚೆನ್ನಾಗಿದೆ” ಎಂದರು.

ಹಲೋಅಕ್ಕ ಫೋನಿಟ್ಟಳು. ಅವಳಿಗೆ ಎಲ್ಲ ಅರ್ಥವಾಯಿತು. ಕೇಂದ್ರದಿಂದ ಯಾವ ಠಾಣೆಗಾದರೂ ಒಂದೇ ನೆಗೆತ. ಠಾಣೆಯಿಂದ ಠಾಣೆಗೆ ಮಾತ್ರ ಎರಡು. ಅವಳು ಎಲ್ಲ ಪರೀಕ್ಷೆಯನ್ನೂ ಮಾಡಿದ್ದು ತನ್ನ ಕುರ್ಚಿಯಿಂದ. ಇಡೀ ಜಾಲದಲ್ಲಿ ಈ ತೊಂದರೆ ಕೇಳಿಸದ ಜಾಗ ಅದೊಂದೇ.

“ಕೇಸುಗಳನ್ನ ಹೇಗೆ ಕೇಳ್ತಿದ್ದೀರಿ ಅತ್ತಿಗೆ?”

“ಬರೆದು ಕಳಿಸ್ತೀನಿ. ಅವರೂ ಬರೆದು ಕಳಿಸ್ತಾರೆ.”

“ಕೈಯಲ್ಲಿ ರೋಗಿ ಇಟ್ಕೊಂಡು ಬರೀತಾ ಕೂರ್ತೀರಾ? ಫೋನಲ್ಲಿ ಏನಾಯ್ತು, ಹೇಳಿ.”

ಅತ್ತಿಗೆ ಹೇಳಿಬಿಟ್ಟರು. “ಒಂದು ಹುಡುಗಿಗೆ ಮೈಯೆಲ್ಲ ದದ್ದು. ಡಾಕ್ಟ್ರ ಹತ್ರ, ಮಲಗಿಸ್ಲಾ ಅಂದೆ. ಉತ್ತರ ಬರ್ಲಿಲ್ಲ. ಈ ಔಷಧಿ ಚುಚ್ಚಲಾ ಅಂದೆ. ‘ಹೂಂ’ ಅಂದ್ರು. ಸೂಜಿ ಎತ್ತಿದೆ. ಅವರು ಹೂಂ ಅಂದಿದ್ದು ಮಲಗಿಸೋಕೆ ಕಣೇ. ಚುಚ್ಚೋದಕ್ಕೆ ‘ಬೇಡ’ ಅಂದಿದ್ದು ಆಮೇಲೆ ಬಂತು. ಪುಣ್ಯಕ್ಕೆ ಸೂಜಿ ಇನ್ನೂ ಕೈಯಲ್ಲೇ ಇತ್ತು.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಗೆ ಹೇಳೋದು? ಕರೆಯಲ್ಲಿ ನಿಮ್ಮ ಯಜಮಾನ್ರು ಕೂತಿರ್ತಾರೆ. ಆರಿಸಿದೋಳು ನೀನು. ತಪ್ಪಾದ್ರೆ ನಿನ್ನ ಕೆಲಸಕ್ಕೇ ಸಂಚಕಾರ. ನಾನು, ಅಜ್ಜ, ಡಾಕ್ಟ್ರು ಮೂವರೂ ಮಾತಾಡ್ಕೊಂಡ್ವಿ. ಹುಡುಗಿ ಹೆಸರು ಕೆಡೋದು ಬೇಡ, ಹೇಗೋ ಸುಧಾರಿಸೋಣ ಅಂತ.”

ಮುನಿಸು ತಣಿಸಲು ಬಂದವಳಿಗೆ ರೇಗಿಹೋಯಿತು. “ಆ ಮಗು ಜೀವಕ್ಕಿಂತ ನನ್ನ ಕೆಲಸ ದೊಡ್ಡದಾ ಅತ್ತಿಗೆ? ನೀವೇ ಹೀಗೆ ಮಾಡಿದ್ರೆ ನಾನು ಯಾರನ್ನ ನಂಬಲಿ?” ಎಂದು ಕೂಗಾಡಿದಳು. ಅತ್ತಿಗೆ ತಿರುಗಿ ಕೂಗಿದರು. “ನೀನು ಒಂದ್ಸಲ ಇಲ್ಲಿ ಬಂದು ಕೂತು ನೋಡಿದ್ರೆ ಹೇಳೋ ಪಾಡೇ ಇರ್ತಿರ್ಲಿಲ್ಲ!” ಇಬ್ಬರ ಮಾತೂ ನ್ಯಾಯವೇ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿ, ಸುಸ್ತಾಗಿ, ಅಲ್ಲೇ ಹಾಸಿಗೆಯ ತುದಿಯಲ್ಲಿ ಕೂತು ಅತ್ತರು. ಆಮೇಲೆ ಅತ್ತಿಗೆ ಮೂಗೊರೆಸಿಕೊಂಡು, “ನೋಡು, ಜಗಳ ಆಡೋದಕ್ಕೂ ಆಗಲ್ಲ ಆ ಲೈನಲ್ಲಿ” ಎಂದರು. ಹಲೋಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು.

ಮಾರನೆಯ ದಿನ ಸಹಿ. ಸೂಟಿನವನು ಹೊಸ ಸೂಟಿನಲ್ಲಿ ಬಂದು ಕೂತಿದ್ದ. ಹಲೋಅಕ್ಕ ಯಜಮಾನರ ಕೊಠಡಿಗೆ ಹೋಗಿ ನಿಂತು, “ಸರ್, ನನ್ನ ಆಯ್ಕೆ ತಪ್ಪಾಗಿದೆ” ಎಂದಳು.

“ಏನು ತಪ್ಪು? ನಾನೇ ಕೇಳಿದ್ದೀನಿ, ಗಂಟೆ ಬಾರಿಸಿದ ಹಾಗಿದೆ—”

“ಠಾಣೆಯಿಂದ ಠಾಣೆಗೆ—”

“ಅರ್ಧ ಸೆಕೆಂಡ್ ತಾನೆ? ನೀನೇ ಹೇಳಿದ್ದೆ. ಗಿರಾಕಿಗಳಿಗೆಲ್ಲ ಸಿನಿಮಾ ನೋಡ್ಬಹುದು ಅಂತ ಸಾರಿ ಆಗಿದೆ, ವರ್ಷದ ಕೊನೆ ಹತ್ರ ಬರ್ತಿದೆ, ಈಗ ಬಂದು—”

ಇವರಿಗೆ ಮಾತಿನಲ್ಲಿ ತಿಳಿಹೇಳುವುದು ಆಗದ ಕೆಲಸವೆಂದು ಅವಳಿಗೆ ಗೊತ್ತಾಯಿತು. ಪ್ರದರ್ಶನಕ್ಕೆಂದು ಸೂಟಿನವನು ಕಚೇರಿಯ ಹಿತ್ತಲಲ್ಲಿ ಒಂದು ತಟ್ಟೆ ನಿಲ್ಲಿಸಿ, ಜನರೇಟರ್ ಕೋಣೆಯಲ್ಲಿ ಪೆಟ್ಟಿಗೆ, ಫೋನು ಇಟ್ಟಿದ್ದ. ಲೆಕ್ಕಕ್ಕೆ ಅದೂ ಒಂದು ಠಾಣೆಯೇ. “ಸರ್, ನಾನು ಸಹಿ ಹಾಕ್ತೀನಿ. ಮೊದ್ಲು ಅಲ್ಲಿಂದ ನಮ್ಮ ಅತ್ತಿಗೆ ಜೊತೆ ಎರಡು ಮಾತಾಡಿ ಬನ್ನಿ” ಎಂದಳು.

ಯಜಮಾನರು ಡೀಸೆಲ್ ವಾಸನೆಯ ನಡುವೆ ಮುರುಕು ಸ್ಟೂಲಿನ ಮೇಲೆ ಕೂತು ಫೋನೆತ್ತಿದರು. ಅತ್ತಿಗೆ ಮಾತು ಶುರುಮಾಡಿದರು. ಯಜಮಾನರು ಅಭ್ಯಾಸದಂತೆ ನಡುವೆ ನುಗ್ಗಿದರು. ನುಗ್ಗಿದ್ದು ಅತ್ತಿಗೆಗೆ ತಿಳಿಯುವ ಹೊತ್ತಿಗೆ ಅತ್ತಿಗೆ ಮುಂದಿನ ವಾಕ್ಯದಲ್ಲಿದ್ದರು. ಯಜಮಾನರು ಇನ್ನೂ ಜೋರಾಗಿ ನುಗ್ಗಿದರು. ಅತ್ತಿಗೆ ಹಿಂದಿನ ನುಗ್ಗುವಿಕೆಗೆ ಈಗ ನಿಂತರು. ಯಜಮಾನರೂ ನಿಂತರು. “ಹೇಳಿ” ಎಂದರು ಇಬ್ಬರೂ. ಬದುಕಿನಲ್ಲಿ ಮೊದಲ ಸಲ ಯಜಮಾನರಿಗೆ ಇನ್ನೊಬ್ಬರ ಮಾತು ಕತ್ತರಿಸಲು ಆಗಲಿಲ್ಲ. ಮುಖ ಕೆಂಪಗಾಯಿತು, ಹಣೆ ಬೆವರಿತು. ಫೋನು ಕುಕ್ಕಿ ಹೊರಗೆ ಬಂದರು.

“ಇದು ಮನುಷ್ಯರನ್ನ ಮಾತಾಡೋಕೇ ಬಿಡಲ್ವಲ್ಲ!”

“ಅದನ್ನೇ ಹೇಳ್ತಿದ್ದೆ ಸರ್. ದ್ವೀಪದಲ್ಲಿ ಇದರಿಂದ ಒಂದು ಹುಡುಗಿಗೆ ತಪ್ಪು ಸೂಜಿ ಬೀಳೋದಿತ್ತು.”

ಅವಳು ಎಲ್ಲವನ್ನೂ ಹೇಳಿದಳು. ತನ್ನ ಕುರ್ಚಿಯಿಂದಲೇ ಕೇಳಿದ್ದು, ‘ಅಗತ್ಯವಿಲ್ಲ’ ಎಂದು ಗೀಚಿದ್ದು, ಠಾಣೆಯವರು ಅವಳಿಗಾಗಿ ಬಾಯಿ ಮುಚ್ಚಿಕೊಂಡದ್ದು. ಯಜಮಾನರು ಈ ಸಲ ಕೊನೆಯವರೆಗೂ ಕೇಳಿದರು. ಅವಳಿಗೆ ಭಯವಾಗಿದ್ದೇ ಆಗ.

“ತಪ್ಪಾದ್ರೆ ನನ್ನ ಹತ್ರ ಬರ್ಬೇಡ ಅಂದಿದ್ದೆ ಅಲ್ವಾ?” ಎಂದರು.

“ಹೌದು ಸರ್.”

“ಪೆದ್ದು ಮಾತು ಅದು. ಅದಕ್ಕೇ ಅವ್ರೆಲ್ಲ ಬಾಯಿ ಮುಚ್ಕೊಂಡಿದ್ದು.” ಹಣೆಯ ಬೆವರು ಒರೆಸಿಕೊಂಡು, “ಆ ಕೆಮ್ಮಿನೋನು ಎಲ್ಲಿದ್ದಾನೆ? ವರ್ಷದ ಕೊನೆಯೊಳಗೆ ಆಗುತ್ತಂತಾ, ಕೇಳು. ಸಿನಿಮಾ ವಿಷಯ ನಾನು ನೋಡ್ಕೋತೀನಿ” ಎಂದರು.

ಕೆಮ್ಮಿನವನು ಆಗುತ್ತದೆ ಎಂದ, ಆದರೆ ಎಲ್ಲರೂ ಕೈಹಾಕಬೇಕು ಎಂದ. ಈ ಸಲ ಹಲೋಅಕ್ಕ ಸಹಿಗೆ ಮೊದಲು ದ್ವೀಪದಲ್ಲಿ ಕೂತು ಗುಡ್ಡಕ್ಕೆ ಮಾತಾಡಿ ನೋಡಿದಳು, ದೀಪಸ್ತಂಭದಲ್ಲಿ ಕೂತು ದ್ವೀಪಕ್ಕೆ ಮಾತಾಡಿ ನೋಡಿದಳು. ಆಮೇಲೆ ಕೆಲಸವೋ ಕೆಲಸ. ಭಾರದ ತಟ್ಟೆಗಳನ್ನು ಅಣ್ಣ ದೋಣಿಯಲ್ಲಿ ಹಗ್ಗ ಬಿಗಿದು ಸಾಗಿಸಿದ. ಗಾಳಿಗೆ ಎರಡು ಸಲ ವಾಪಸು ಬಂದ, ಮೂರನೆಯ ಸಲ ಮುಟ್ಟಿಸಿದ. ದೀಪದಜ್ಜ ಮಾತ್ರ ಒಳಗೊಳಗೇ ಗೊಣಗಿದರು. ಸೂಟಿನವನ ಪೆಟ್ಟಿಗೆಯಲ್ಲಿ ಅವರು ಸದ್ದಿಲ್ಲದೆ ದಿನಕ್ಕೊಂದು ಸಿನಿಮಾ ನೋಡುತ್ತಿದ್ದರಂತೆ. “ಹೋಗ್ಲಿ ಬಿಡಮ್ಮ, ಯಾವ ಸಿನಿಮಾದಲ್ಲೂ ಕೊನೇಲಿ ಎಲ್ಲರೂ ಒಂದಾಗೋದು ಗೊತ್ತಿರೋದೇ” ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹಳೇ ಉಪಗ್ರಹ ಪಕ್ಕಕ್ಕೆ ಸರಿಯುವ ಹಿಂದಿನ ವಾರ ಕೊನೆಯ ತಟ್ಟೆ ಆಕಾಶ ನೋಡಿ ನಿಂತಿತು.

ಹಳೆಯದು ಆರಿದ ಮರುದಿನ ಬೆಳಿಗ್ಗೆ ಹಲೋಅಕ್ಕ ಕುರ್ಚಿಯಲ್ಲಿ ಕೂತು ಫೋನೆತ್ತಿದಳು. ಬಾಯಿ ತೆರೆಯುವ ಮೊದಲೇ ಲೈನಿನಲ್ಲಿ ಅತ್ತಿಗೆಯ ದನಿ ಓಡುತ್ತಿತ್ತು.

“ಡಾಕ್ಟ್ರೇ, ಚಿಕ್ಕ ಮಗು, ಜ್ವರ, ಉಸಿರು ಎಳೀತಾ—”

“ಪಕ್ಕೆ ಒಳಗೆ ಹೋಗ್ತಿದೆಯಾ?”

“ಹೋಗ್ತಿದೆ. ತುಟಿ ಸ್ವಲ್ಪ—”

“ಗೊತ್ತಾಯ್ತು ಸಿಸ್ಟರ್, ಆಕ್ಸಿಜನ್ ಹಾಕಿ, ಇಲ್ಲಿಗೇ ಕಳಿಸಿ. ದೋಣಿ?”

“ನಿಂತಿದೆ, ಇವ್ರು ಇಂಜಿನ್ ಹಚ್ತಿದ್ದಾರೆ.”

“ಬಂಡೆಯ ಆಚೆ ಬದಿಯಿಂದ ಹೋಗೋಕೆ ಹೇಳಮ್ಮ, ಈ ಕಡೆ ಅಲೆ ಕೆಟ್ಟದಾಗಿದೆ” ಎಂದರು ದೀಪದಜ್ಜ.

“ಕೇಳಿಸ್ತು ಅಜ್ಜ, ಹೇಳ್ದೆ.”

ದೋಣಿ ಹೊರಟಿತು. ಹಲೋಅಕ್ಕನಿಗೆ ನಡುವೆ ಒಂದು ಹಲೋ ತೂರಿಸಲೂ ಸಂದು ಸಿಗಲಿಲ್ಲ. ವರ್ಷಗಟ್ಟಲೆ ತಾನೇ ಶುರುಮಾಡುತ್ತಿದ್ದ ಕರೆ ತಾನಿಲ್ಲದೆ ನಡೆದುಹೋದದ್ದು ಕಂಡು ಅವಳಿಗೆ ಆದಷ್ಟು ಸಂತೋಷ ಯಾವ ಬಡ್ತಿಯಿಂದಲೂ ಆಗಿರಲಿಲ್ಲ. ಆದರೆ ಮಗುವಿನ ಚಿಂತೆ ಎದೆಯಲ್ಲಿ ಕೂತಿತ್ತು. ಲೈನು ಮುಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಗಣಿಯವರು, ಕಾಡಿನವರು ಎಲ್ಲರೂ ಫೋನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡಿದರು. ಯಜಮಾನರು ಬಂದು, ಏನೂ ಮಾತಾಡದೆ, ಪಕ್ಕದ ಕುರ್ಚಿಯಲ್ಲಿ ಕೂತರು.

ಬಿಸಿಲೇರಿದ ಮೇಲೆ ಗುಡ್ಡದ ಕಡೆಯಿಂದ ಫೋನು ಎತ್ತಿದ ಸದ್ದಾಯಿತು.

“ಸಿಸ್ಟರ್, ಮಗು ಈಗ ಹಾಲು ಕುಡೀ—”

ಡಾಕ್ಟರ ಮಾತು ಮುಗಿಯಲೇ ಇಲ್ಲ. ಅದರ ಮೇಲೆಯೇ ಅತ್ತಿಗೆ ಗಟ್ಟಿಯಾಗಿ ನಕ್ಕುಬಿಟ್ಟರು. ಆ ನಗು ಎಲ್ಲ ಠಾಣೆಗಳಲ್ಲೂ ಒಟ್ಟಿಗೇ ಕೇಳಿಸಿತು.